ಬರೆಯದ ಪ್ರೇಮ ಕಾದಂಬರಿಗೆ ಓದುಗರನ್ನು ಹುಡುಕುವುದು

ಮೊದಲ ಪ್ರೇಮ ಕಾದಂಬರಿಗೆ ಕೈ ಹಾಕಿದವರು ಕಥೆಯ ಎಳೆಯನ್ನು ಬರೆಯುವ ಮೊದಲೇ ನಾಲ್ಕು ಜನರ ಮುಂದಿಟ್ಟು ಅಭಿಪ್ರಾಯ ಕೇಳಬೇಕೇ ಎಂಬ ವಿಷಯದಲ್ಲಿ ನನ್ನ ಪರಿಚಯದ ಬರಹಗಾರರ ನಡುವೆ ಎರಡು ಪಕ್ಷಗಳಿವೆ. ಬಾಯಲ್ಲಿ ಹೇಳಿಬಿಟ್ಟ ಕಥೆಯನ್ನು ಮತ್ತೆ ಬರೆಯುವ ಹುರುಪು ಉಳಿಯುವುದಿಲ್ಲ ಎನ್ನುವವರು ಒಂದು ಕಡೆ, ಮುನ್ನೂರು ಪುಟ ಬರೆದ ಮೇಲೆ ಅಡಿಪಾಯವೇ ಸರಿಯಿಲ್ಲ ಎಂದು ತಿಳಿಯುವುದಕ್ಕಿಂತ ಮೊದಲೇ ಕೇಳುವುದು ಲೇಸು ಎನ್ನುವವರು ಇನ್ನೊಂದು ಕಡೆ. ನಾನು ಎರಡನೆಯ ಪಕ್ಷದವಳು. ಆದರೆ ಯಾರನ್ನು ಕೇಳುತ್ತೇವೆ, ಏನನ್ನು ಕೇಳುತ್ತೇವೆ ಎಂಬುದನ್ನು ಗಟ್ಟಿ ಮಾಡಿಕೊಳ್ಳದೆ ಕೇಳಿದ ಅಭಿಪ್ರಾಯದಿಂದ ಏನೂ ದಕ್ಕುವುದಿಲ್ಲ ಎಂಬುದು, ನನ್ನದೇ ಕಥಾಹಂದರವನ್ನು ಹಲವರಿಗೆ ಓದಿಸಿದ ಮೇಲೆ, ನನ್ನ ಖಚಿತ ನಿಲುವು.

ಹಂದರ ಇಷ್ಟು. ಶಿರಸಿ ಸೀಮೆಯ ಒಂದು ತೋಟದ ಮನೆಯಲ್ಲಿ ಮೂವತ್ತು ದಾಟಿದ, ಅಪ್ಪನನ್ನು ಕಳೆದುಕೊಂಡ, ಅಮ್ಮನೊಂದಿಗೆ ಅಡಿಕೆ ತೋಟ ನೋಡಿಕೊಂಡಿರುವ ಯುವಕ. ಅದೇ ಊರಿನ ಹುಡುಗಿ, 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಕಂಪನಿಯ ಕೆಲಸವನ್ನು ಲ್ಯಾಪ್‌ಟಾಪ್ ಸಮೇತ ಅಪ್ಪನ ಮನೆಯ ಜಗಲಿಗೆ ತಂದುಕೊಂಡವಳು. ತೋಟ, ಗದ್ದೆ ನೋಡಿಕೊಂಡು ಊರಲ್ಲೇ ಉಳಿದ ಗಂಡಿಗೆ ಹೆಣ್ಣು ಸಿಗುವುದಿಲ್ಲ ಎಂಬ ಮಾತು ಮಲೆನಾಡಿನಲ್ಲಿ ಹಳೆಯದು, ಬಯಲುಸೀಮೆಗೂ ಹೊಸದಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಭಾಗದ ಅವಿವಾಹಿತ ಯುವಕರು ಮದುವೆಯ ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ಅದನ್ನು ತಮಾಷೆಯ ಸುದ್ದಿಯಾಗಿ ಹಂಚಿಕೊಂಡವರೇ ಹೆಚ್ಚು. ಆ ತಮಾಷೆಯ ಹಿಂದೆ ಒಂದು ಪ್ರೇಮ ಕಾದಂಬರಿಗೆ ಬೇಕಾದಷ್ಟು ನೋವೂ ಆಸೆಯೂ ಇದೆ ಎಂದು ನನಗೆ ಅನ್ನಿಸಿತು.

ಇದನ್ನು ಎರಡು ವಾಕ್ಯಗಳಲ್ಲಿ ಹೇಳಿದಾಗ ಎಲ್ಲರೂ ‘ಚೆನ್ನಾಗಿದೆ, ಬರಿ’ ಎಂದರು. ಅದು ಸೌಜನ್ಯದ ಮಾತು, ಅಭಿಪ್ರಾಯವಲ್ಲ. ಎರಡು ವಾಕ್ಯಗಳಲ್ಲಿ ಸಿಗುವುದು ಸನ್ನಿವೇಶ ಮಾತ್ರ, ಸನ್ನಿವೇಶ ಸಾಮಾನ್ಯವಾಗಿ ಎಲ್ಲರಿಗೂ ಚೆನ್ನಾಗಿಯೇ ಕಾಣುತ್ತದೆ. ಪತ್ತೇದಾರಿ ಕಾದಂಬರಿಯ ಓದುಗನಿಗೆ ಕೊಲೆಗಾರ ಯಾರೆಂದು ತಿಳಿದಿರುವುದಿಲ್ಲ, ಆದ್ದರಿಂದ ಓದುತ್ತಾನೆ. ಪ್ರೇಮ ಕಾದಂಬರಿ ಓದುವವಳಿಗೆ ಯಾರಿಗೆ ಯಾರು ಎಂಬುದು ಮೊದಲ ಅಧ್ಯಾಯದಲ್ಲೇ ತಿಳಿದಿರುತ್ತದೆ, ತಿಳಿದೂ ಓದುತ್ತಾಳೆ. ಹಾಗಾದರೆ ಆಕೆಯನ್ನು ಕೂರಿಸಿಕೊಳ್ಳುವುದು ಒಂದೇ ಪ್ರಶ್ನೆ: ಇಷ್ಟಪಟ್ಟ ಈ ಇಬ್ಬರು ಐವತ್ತನೆಯ ಪುಟದಲ್ಲೇ ಏಕೆ ಒಂದಾಗಲಿಲ್ಲ? ಹಂದರದ ಬಗ್ಗೆ ಅಭಿಪ್ರಾಯ ಕೇಳುವಾಗ ಈ ಅಡ್ಡಿಯ ಬಗ್ಗೆಯೇ ಕೇಳಬೇಕು. ಉಳಿದದ್ದೆಲ್ಲ, ಹೆಸರು, ಉಡುಗೆ, ಮೊದಲ ಭೇಟಿಯ ಮಳೆ, ಆಮೇಲಿನ ಮಾತು.

ಅಡ್ಡಿಗೆ ಎರಡು ಸಾಧ್ಯತೆಗಳನ್ನು ಬರೆದು, ಎರಡನ್ನೂ ಓದುವವರ ಮುಂದಿಟ್ಟೆ. ಮೊದಲನೆಯದರಲ್ಲಿ, ಅವನ ಮೊಬೈಲಿಗೆ ಬಂದ ಸಂದೇಶವೊಂದನ್ನು ಅವಳು ತಪ್ಪಾಗಿ ಅರ್ಥೈಸಿಕೊಂಡು, ಒಂದು ಮಾತೂ ಆಡದೆ ಬೆಂಗಳೂರಿಗೆ ಮರಳುತ್ತಾಳೆ. ಎರಡನೆಯದರಲ್ಲಿ ತಪ್ಪು ತಿಳಿವಳಿಕೆ ಏನೂ ಇಲ್ಲ. ಅವನು ಒಳ್ಳೆಯವನೆಂದು ಅವಳಿಗೆ ಗೊತ್ತು. ಆದರೆ ಅಡಿಕೆ ಗೊನೆ ಇಳಿಸುವ ಕೊನೆಗೊಯ್ಲಿನ ತಿಂಗಳುಗಳಲ್ಲಿ ನಡುರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದು, ಬೆಳಗಾಗುವ ಮೊದಲೇ ಎದ್ದು ಆಳುಗಳಿಗೆ ತಿಂಡಿ ಮಾಡುತ್ತಿದ್ದ, ಅಡಿಕೆ ಮಾರಿ ಬಂದ ದುಡ್ಡು ಎಷ್ಟೆಂದು ಯಾವ ವರ್ಷವೂ ತಿಳಿಯದ ತನ್ನ ಅಮ್ಮನನ್ನು ಅವಳು ಕಂಡಿದ್ದಾಳೆ. ಅವಳು ಹೆದರುವುದು ಅವನಿಗಲ್ಲ, ಆ ಮನೆಯ ಅಡುಗೆಮನೆಗೆ. ಅವನೋ ತೋಟ ಬಿಟ್ಟು ಎಲ್ಲಿಗೂ ಹೋಗಲಾರ.

ನನ್ನ ಚಿಕ್ಕಮ್ಮ ‘ಸುಧಾ’, ‘ತರಂಗ’ ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಧಾರಾವಾಹಿಗಳ ಪುಟಗಳನ್ನು ಕಿತ್ತು, ಹೊಲಿದು, ರಟ್ಟು ಹಾಕಿ ಇಟ್ಟುಕೊಂಡವರು. ಸರ್ಕ್ಯುಲೇಟಿಂಗ್ ಲೈಬ್ರರಿಯ ಕಾದಂಬರಿಗಳನ್ನು ಬಾಡಿಗೆಗೆ ತಂದು ಓದಿದ ಪೀಳಿಗೆ ಅದು. ಮೊದಲ ಸಾಧ್ಯತೆಯನ್ನು ಓದಿದ ಅವರು ಕನ್ನಡಕ ತೆಗೆದು, ‘ಅಲ್ಲ ಕೂಸೇ, ಒಂದು ಫೋನ್ ಮಾಡಿದ್ರೆ ಮುಗಿಯೋ ಜಗಳಕ್ಕೆ ಇನ್ನೂರು ಪುಟ ಎಂತಕ್ಕೆ?’ ಎಂದರು. ಸಾಹಿತ್ಯ ಕಮ್ಮಟಗಳಲ್ಲಿ ಕೇಳಿದ ಯಾವ ಉಪನ್ಯಾಸವೂ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಇದನ್ನು ನನಗೆ ಹೇಳಿರಲಿಲ್ಲ. ಹೊರಗಿನಿಂದ ತಂದಿಟ್ಟ ಅಡ್ಡಿಯನ್ನು ಹೊರಗಿನ ಒಂದು ಮಾತೇ ತೆಗೆದುಬಿಡುತ್ತದೆ. ವ್ಯಕ್ತಿಯೊಳಗಿನ ಅಡ್ಡಿ ಕರಗಬೇಕಾದರೆ ವ್ಯಕ್ತಿಯೇ ಬದಲಾಗಬೇಕು, ಅದಕ್ಕೆ ಇನ್ನೂರು ಪುಟವಾದರೂ ಬೇಕು.

ಹಳೆಯ ಉದಾಹರಣೆಗಳೂ ಇದನ್ನೇ ಹೇಳುತ್ತವೆ. ಜೇನ್ ಆಸ್ಟಿನ್‌ಳ 1813ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯ 61 ಅಧ್ಯಾಯಗಳಲ್ಲಿ ನಾಯಕ ಮೊದಲ ಬಾರಿಗೆ ತನ್ನ ಪ್ರೀತಿಯನ್ನು ಹೇಳಿಕೊಳ್ಳುವುದು 34ನೆಯ ಅಧ್ಯಾಯದಲ್ಲಿ, ಮತ್ತು ಅಲ್ಲಿ ಅವನಿಗೆ ಸಿಗುವುದು ನಿರಾಕರಣೆ. ಅವನ ಬಗ್ಗೆ ನಾಯಕಿ ಕೇಳಿದ್ದ ಸುಳ್ಳುಗಳು ಒಂದು ಪತ್ರದಿಂದ ಬಗೆಹರಿಯುತ್ತವೆ, ಆದರೆ ಅವನ ಅಹಂಕಾರದ ಬಗ್ಗೆ ಅವಳು ಆಡಿದ ಮಾತು ನಿಜವೇ ಆಗಿತ್ತು. ಉಳಿದ ಕಾದಂಬರಿ ನಡೆಯುವುದು ಆ ನಿಜದ ಬಲದ ಮೇಲೆ.

ಪ್ರೇಮ ಕಾದಂಬರಿ ಓದದವರನ್ನೂ ಕೇಳಿದೆ. ಸಾಹಿತ್ಯಾಸಕ್ತ ಗೆಳೆಯರೊಬ್ಬರು ಪ್ರೇಮವನ್ನು ಹಿನ್ನೆಲೆಗೆ ಸರಿಸಿ ಅಡಿಕೆಯ ಎಲೆಚುಕ್ಕಿ ರೋಗವನ್ನೂ ಕೃಷಿಯ ಬಿಕ್ಕಟ್ಟನ್ನೂ ಮುನ್ನೆಲೆಗೆ ತರಬೇಕೆಂದು ದೀರ್ಘವಾಗಿ ವಿವರಿಸಿದರು. ಅವರು ಹೇಳಿದ ಕಾದಂಬರಿ ಒಳ್ಳೆಯದೇ ಇದ್ದೀತು, ಅದನ್ನು ಅವರೇ ಬರೆಯಲಿ. ಪ್ರೇಮ ಕಾದಂಬರಿ ಎಂದರೆ ಮಧ್ಯಾಹ್ನದ ನಿದ್ದೆಗೆ ಮುಂಚಿನ ಓದು ಎಂಬ ಅಸಡ್ಡೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಆ ಅಸಡ್ಡೆ ಇರುವವರು ಕೊಡುವ ಸಲಹೆ, ಅದೆಷ್ಟೇ ವಿದ್ವತ್ತಿನದಾದರೂ, ನಮ್ಮ ಕಥೆಯನ್ನು ಬೇರೊಂದು ಕಥೆಯಾಗಿ ಮಾಡುವ ಸಲಹೆಯೇ ಆಗಿರುತ್ತದೆ.

ಅದೇ ಸೀಮೆಯಲ್ಲಿ ತೋಟ ಮಾಡಿಕೊಂಡಿರುವ ಅಣ್ಣನೊಬ್ಬನ ಮಾತು ಬೇರೆ ಬಗೆಯದು. ಪ್ರೇಮದ ಬಗ್ಗೆ ಅವನು ತುಟಿ ಬಿಚ್ಚಲಿಲ್ಲ. ‘ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆಯದಿದ್ದರೆ ಅಡಿಕೆಗೆ ಕೊಳೆ ರೋಗ ಬರುತ್ತದೆ, ಆ ವಾರ ಮರ ಹತ್ತುವ ಕೊನೆಗೌಡ ಸಿಗುವುದೇ ಕಷ್ಟ, ನಿನ್ನ ಹೀರೋ ಆಗ ಅವಳ ಹಿಂದೆ ಬೆಂಗಳೂರಿಗೆ ಹೇಗೆ ಹೋಗುತ್ತಾನೆ?’ ಎಂದು ಕೇಳಿದ. ಅಲ್ಲಿಗೆ ನಿಲ್ಲಿಸದೆ, ಆಷಾಢದ ಗಾಳಿಮಳೆಗೆ ಕರೆಂಟು ಹೋದರೆ ದಿನಗಟ್ಟಲೆ ಬಾರದ ಊರಿನಲ್ಲಿ ನಾಯಕಿ ಆಫೀಸಿನ ಮೀಟಿಂಗಿಗೆ ಎಲ್ಲಿ ಕೂರುತ್ತಾಳೆ ಎಂದೂ ಕೇಳಿದ. ಲಾಕ್‌ಡೌನ್ ಕಾಲದಲ್ಲಿ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಕೊಡೆ ಹಿಡಿದು ಪಾಠ ಕೇಳಿದ್ದು ಎಲ್ಲರಿಗೂ ನೆನಪಿರಬಹುದು. ಅಣ್ಣನ ಆ ಪ್ರಶ್ನೆಯಿಂದಲೇ ಅವರಿಬ್ಬರು ದಿನವೂ ಸಂಧಿಸುವ ಜಾಗ ನನಗೆ ಸಿಕ್ಕಿತು: ಅವನ ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟದ ತುದಿ, ಊರಿಗೆಲ್ಲ ಸಿಗ್ನಲ್ ಬರುವ ಒಂದೇ ಸ್ಥಳ. ದಾರಿ ತಿಳಿದವನು ವಿವರದ ಬಗ್ಗೆ ಎತ್ತುವ ಆಕ್ಷೇಪ ಕೆಲವೊಮ್ಮೆ ಇಡೀ ಒಂದು ಅಧ್ಯಾಯವನ್ನೇ ಕೊಟ್ಟುಬಿಡುತ್ತದೆ.

ಕೇಳುವ ಕ್ರಮದ ಬಗ್ಗೆ ಎರಡು ಮಾತು. ಹಂದರವನ್ನು ಎರಡು ಪುಟದಷ್ಟಾದರೂ ಬರೆದು ಕೊಡಬೇಕು, ಕೊನೆಯನ್ನು ಮುಚ್ಚಿಡಬಾರದು. ಮುಕ್ತಾಯವನ್ನು ಗುಟ್ಟಾಗಿಟ್ಟು ‘ಹೇಗಿದೆ ಹೇಳಿ’ ಎಂದರೆ ಓದಿದವರು ಹೇಳುವುದಾದರೂ ಏನನ್ನು? ಕಥೆ ಕದ್ದಾರೆಂಬ ಭಯವನ್ನೂ ಅನೇಕರು ತೋಡಿಕೊಳ್ಳುತ್ತಾರೆ. ಕಲ್ಪನೆಗೆ, ವಸ್ತುವಿಗೆ, ಕಥಾಹಂದರಕ್ಕೆ ಕೃತಿಸ್ವಾಮ್ಯವಿಲ್ಲ, ಅದನ್ನು ಬರೆದು ರೂಪಿಸಿದ ಬಗೆಗೆ ಮಾತ್ರ ಇದೆ ಎಂದು ಸುಪ್ರೀಂ ಕೋರ್ಟ್ ಆರ್.ಜಿ. ಆನಂದ್ ಪ್ರಕರಣದಲ್ಲಿ 1978ರಲ್ಲೇ ಹೇಳಿದೆ. ಕಾನೂನು ಹಾಗಿರುವಾಗ ಹಂದರವನ್ನು ಬಚ್ಚಿಟ್ಟುಕೊಂಡು ಕೂರುವುದಕ್ಕಿಂತ ಬೇಗ ಬರೆದು ಮುಗಿಸುವುದೇ ರಕ್ಷಣೆ.

ಇನ್ನು ಓದಿದವರು ಎಲ್ಲಿ ಎಡವಿದರು ಎಂಬುದನ್ನು ಪೂರ್ತಿ ನಂಬಬೇಕು, ಅದಕ್ಕೆ ಅವರೇ ಸೂಚಿಸುವ ಮದ್ದನ್ನು ಅಷ್ಟಾಗಿ ನಂಬಬೇಕಿಲ್ಲ. ನನ್ನ ಹಂದರದ ಮೊದಲ ಭಾಗದ ಬಗ್ಗೆ ಒಬ್ಬರು ಹಾಸ್ಯ ಬೇಕೆಂದರು, ಇನ್ನೊಬ್ಬರು ಬೆಂಗಳೂರಿನ ಪ್ರಸಂಗ ಕತ್ತರಿಸು ಎಂದರು, ಮತ್ತೊಬ್ಬರು ನಾಯಕನಿಗೊಬ್ಬ ಗೆಳೆಯನಿರಲಿ ಎಂದರು. ಮೂವರೂ ಬೇಸರಗೊಂಡದ್ದು ಒಂದೇ ಕಡೆ, ನಾಯಕ ನಾಯಕಿಯರು ಮುಖಾಮುಖಿಯಾಗದೆ ಕಥೆ ಬಹಳ ದೂರ ಸಾಗಿದ್ದ ಕಡೆ.

ಈಗ ಉಳಿದಿರುವುದು ಮುಕ್ತಾಯ. ಇಂಗ್ಲಿಷ್ ಪ್ರೇಮ ಕಾದಂಬರಿಗಳ ರೀತಿ ಬಲ್ಲ ಸ್ನೇಹಿತೆಯೊಬ್ಬರು ಇಬ್ಬರೂ ಒಂದಾಗಲೇಬೇಕು, ಇಲ್ಲವಾದರೆ ಅದು ಆ ಪ್ರಕಾರವೇ ಅಲ್ಲ ಎಂದರು. ಅಮೆರಿಕದ ಪ್ರಣಯ ಕಾದಂಬರಿಕಾರರ ಸಂಘವು ಕೊಟ್ಟಿರುವ ವ್ಯಾಖ್ಯೆಯಲ್ಲಿ ಮನಸ್ಸಿಗೆ ತೃಪ್ತಿ ಕೊಡುವ, ಭರವಸೆಯ ಮುಕ್ತಾಯ ಬೇಕೆಂಬ ಮಾತು ಇದೆ ನಿಜ. ಆದರೆ ತ್ರಿವೇಣಿಯವರ ‘ಬೆಳ್ಳಿ ಮೋಡ’ದ ಇಂದಿರಾ, ಆಸ್ತಿ ಕೈತಪ್ಪಿತೆಂದು ತನ್ನನ್ನು ಬಿಟ್ಟವನು ಮತ್ತೆ ಬಂದು ಕೇಳಿದಾಗ ಒಲ್ಲೆ ಎನ್ನುತ್ತಾಳೆ. ಪುಟ್ಟಣ್ಣ ಕಣಗಾಲ್ 1967ರಲ್ಲಿ ಅದನ್ನು ಚಿತ್ರವಾಗಿಸಿದರು, ಕನ್ನಡದ ಓದುಗರೂ ಪ್ರೇಕ್ಷಕರೂ ಆ ನಿರಾಕರಣೆಯನ್ನು ಒಪ್ಪಿಕೊಂಡರು. ಆದ್ದರಿಂದ ಒಂದಾಗಲೇಬೇಕೆಂಬ ನಿಯಮಕ್ಕೆ ಕಟ್ಟುಬಿದ್ದು ನಾನು ಅವರನ್ನು ಒಂದು ಮಾಡುತ್ತಿಲ್ಲ. ನನ್ನ ನಾಯಕ ಬಿಟ್ಟುಹೋದವನಲ್ಲ, ಬದಲಾಗಬಲ್ಲವನು, ಅದಕ್ಕೇ ಅವರು ಒಂದಾಗುತ್ತಾರೆ. ಆದರೆ ಮದುವೆಗೆ ಮೊದಲು ಅವಳು ಎರಡು ಮಾತು ಕೇಳುತ್ತಾಳೆ: ತೋಟದ ಪಹಣಿಯಲ್ಲಿ ತನ್ನ ಹೆಸರೂ ಇರಬೇಕು, ಅಡಿಕೆ ಮಾರಿದ ಲೆಕ್ಕ ತನಗೂ ತಿಳಿಯಬೇಕು.

ಓದಿದವರು ಇಲ್ಲಿ ಸರಿಯಾಗಿ ಎರಡಾದರು. ‘ಪ್ರೀತಿ ಮಾಡಿದ ಕೂಸು ಪಹಣಿ ಕೇಳ್ತಾ?’ ಎಂದು ಚಿಕ್ಕಮ್ಮ ಮುಖ ಸಿಂಡರಿಸಿದರೆ, ನನ್ನ ಓರಗೆಯ ಇಬ್ಬರು ಇಡೀ ಹಂದರದಲ್ಲಿ ನಂಬುವಂತಹ ಪ್ರೇಮದ ಮಾತು ಅದೊಂದೇ ಎಂದರು. ಅಡ್ಡಿಯ ವಿಷಯದಲ್ಲಿ ಚಿಕ್ಕಮ್ಮನ ಮಾತನ್ನು ಮರುಮಾತಿಲ್ಲದೆ ಒಪ್ಪಿದ ನಾನು ಇಲ್ಲಿ ಒಪ್ಪಿಲ್ಲ, ಪಹಣಿ ಉಳಿಯುತ್ತದೆ. ಆದರೆ ಆ ಮಾತನ್ನು ಅವಳು ಯಾರ ಮುಂದೆ, ಯಾವಾಗ ಆಡಿದರೆ ಅದು ವ್ಯಾಪಾರದಂತೆ ಕೇಳಿಸುವುದಿಲ್ಲ ಎಂಬುದು ನನಗಿನ್ನೂ ಬಗೆಹರಿದಿಲ್ಲ. ಅವನೊಬ್ಬನೇ ಇರುವಾಗಲೋ, ಅವನ ಅಮ್ಮನ ಎದುರಿಗೋ? ತೋಟದ ಮನೆಗೆ ಸೊಸೆಯಾಗಿ ಬಂದವರು, ಬರಲು ಒಲ್ಲೆ ಎಂದವರು, ಇಬ್ಬರ ಅಭಿಪ್ರಾಯವೂ ಬೇಕಾಗಿದೆ. ಪ್ರೇಮ ಕಾದಂಬರಿಗಳನ್ನು ಪ್ರೀತಿಯಿಂದ ಓದುವವರಾಗಿದ್ದರೆ ತಿಳಿಸಿ, ಎರಡು ಪುಟಗಳನ್ನು ಇನ್‌ಬಾಕ್ಸಿಗೆ ಕಳಿಸುತ್ತೇನೆ.