ಎಷ್ಟು ಸಿಸಿ ಸ್ವಾಮಿ ನಿಮ್ಮ ಸಂಭ್ರಮ?

ಮೊದಲ ಬಾರಿಗೆ ವಿದೇಶದಿಂದ ಸ್ಪೋರ್ಟ್ಸ್ ಕಾರು ತರಿಸಿಕೊಳ್ಳಲು ಹೊರಟ ಬೆಂಗಳೂರಿಗರ ನಿದ್ದೆ ಕೆಡಿಸುತ್ತಿರುವುದು ಒಂದೇ ಪ್ರಶ್ನೆ: ಎಂಜಿನ್ ಎಷ್ಟು ಸಿಸಿ ಇರಬೇಕು? (ಸಿಸಿ ಎಂದರೆ ಎಂಜಿನ್ನಿನ ಸಿಲಿಂಡರ್‌ಗಳ ಗಾತ್ರದ ಅಳತೆ; ಸಾವಿರ ಸಿಸಿಗೆ ಒಂದು ಲೀಟರ್.) ಎರಡು ಲೀಟರ್ ಸಾಕೇ, ಮೂರು ಬೇಕೇ, ನಾಲ್ಕು ಲೀಟರಿನ, ಎಂಟು ಸಿಲಿಂಡರಿನ ವಿ8 ತರದೆ ಹೋದರೆ ಬೀಗರ ಮುಂದೆ ತಲೆ ಎತ್ತುವುದು ಹೇಗೆ? ದೇವನಹಳ್ಳಿ ಕಡೆ ಜಮೀನು ಮಾರಿದವರು, ಕಂಪನಿ ಮಾರಿದವರು, ಏನನ್ನೂ ಮಾರದೆ ಬರೀ ಹೂಡಿಕೆದಾರರನ್ನು ನಂಬಿಸಿದವರು, ಎಲ್ಲರೂ ಇದೇ ಚಿಂತೆಯಲ್ಲಿ ಸೊರಗುತ್ತಿದ್ದಾರೆ. ಸೊರಗಬೇಕಾಗಿಲ್ಲ. ಅವರ ಪರವಾಗಿ ನಮ್ಮ ಸರ್ಕಾರಗಳು ಬಹಳ ಹಿಂದೆಯೇ ಯೋಚಿಸಿಟ್ಟಿವೆ.

ನಮ್ಮಲ್ಲಿ ಎಂಜಿನ್ ಇರುವುದು ಮುಖ್ಯವಾಗಿ ತೆರಿಗೆ ಅಳೆಯುವುದಕ್ಕೆ. ಗಾಡಿ ಓಡಿಸುವುದು ಅದರ ಉಪಕಸುಬು. 2025ರ ಸೆಪ್ಟೆಂಬರಿನಿಂದ ಪೆಟ್ರೋಲ್ ಕಾರು 1200 ಸಿಸಿಯೊಳಗಿದ್ದು, ಮೂತಿಯಿಂದ ಬಾಲದವರೆಗೆ ನಾಲ್ಕು ಮೀಟರ್ ಮೀರದಿದ್ದರೆ ಜಿಎಸ್‌ಟಿ ಶೇ 18, ಮೀರಿದರೆ ಶೇ 40. ಈ ಗೀಟು ಹಳೆಯದೇ. ಹಾಗಾಗಿಯೇ ನಮ್ಮ ಕಾರುಗಳು 1197 ಸಿಸಿಗೆ ಉಸಿರು ಬಿಗಿಹಿಡಿದು, 3995 ಮಿಲಿಮೀಟರಿಗೆ ಬಾಲ ಕತ್ತರಿಸಿಕೊಂಡು ಹುಟ್ಟುತ್ತವೆ. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯಲ್ಲಿ 2000 ಸಿಸಿ ಮತ್ತು ಅದಕ್ಕೂ ದೊಡ್ಡ ಡೀಸೆಲ್ ಕಾರುಗಳ ನೋಂದಣಿಗೆ ತಡೆ ಒಡ್ಡಿತು. ಮುಂದಿನ ತಿಂಗಳೇ ಮಹೀಂದ್ರ ಕಂಪನಿ 1.99 ಲೀಟರಿನ ಎಂಜಿನ್ ತಂದು ನಿಲ್ಲಿಸಿತು. ಮಿತಿಗಿಂತ ಎರಡು ಚಮಚ ಕಡಿಮೆ. ಮಕ್ಕಳಿಗೆ ಕೆಮ್ಮಿನ ಔಷಧ ಕುಡಿಸುವ ಅಳತೆ. ದೆಹಲಿಯ ಕೆಮ್ಮು ಅದರಿಂದ ವಾಸಿಯಾಯಿತೇ ಎಂದು ಕೇಳುವುದು ಅಧಿಕಪ್ರಸಂಗ.

ವಿದೇಶಿ ಕಾರಿಗೆ ಗೀಟು ಬೇರೆ. ಬೆಲೆ 40,000 ಡಾಲರ್ ದಾಟಿದರೂ ಸರಿ, ಪೆಟ್ರೋಲ್ ಎಂಜಿನ್ 3000 ಸಿಸಿ ದಾಟಿದರೂ ಸರಿ, ಅದು ಶ್ರೀಮಂತರ ಕಾರು. ಇಂಥ ಕಾರಿನ ಮೇಲೆ ಎಲ್ಲ ಸೇರಿ ಶೇ 110 ಸುಂಕವಿತ್ತು. 2025ರ ಬಜೆಟ್ ಮೂಲ ಸುಂಕವನ್ನು ಶೇ 70ಕ್ಕೆ ಇಳಿಸಿತು. ಕೊಳ್ಳುವವರು ಸಿಹಿ ಹಂಚುವಷ್ಟರಲ್ಲಿ ಪಕ್ಕದ ಸಾಲಿನಲ್ಲಿ ಶೇ 40ರ ಸೆಸ್ ಕಾಣಿಸಿತು. ಎಪ್ಪತ್ತಕ್ಕೆ ನಲವತ್ತು ಕೂಡಿದರೆ ಎಷ್ಟೆಂದು ಮೂರನೇ ತರಗತಿಯ ಮಕ್ಕಳಿಗೂ ಗೊತ್ತು. ಆ ಸೆಸ್‌ನ ಹೆಸರು ಕೇಳಿ: ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಸೆಸ್. ಅಂದರೆ ಲ್ಯಾಂಬೊರ್ಗಿನಿ ಕೊಳ್ಳುವವರನ್ನು ಇನ್ನು ಮುಂದೆ ದುಂದುಗಾರರು ಎಂದು ಹಳಿಯುವಂತಿಲ್ಲ, ಅವರೆಲ್ಲ ರೈತಬಂಧುಗಳು.

ಲೆಕ್ಕ ಮುಗಿಯಲಿಲ್ಲ. ನೂರು ರೂಪಾಯಿಯ ಕಾರು ಬಂದರಿನಲ್ಲಿ 210 ಆಗುತ್ತದೆ. ಅದರ ಮೇಲೆ ಶೇ 40 ಜಿಎಸ್‌ಟಿ ಬಿದ್ದು 294. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಿತಾವಧಿ ತೆರಿಗೆ ಶೇ 18, ಆ ತೆರಿಗೆಯ ಮೇಲೊಂದು ಸೆಸ್; ಎಲ್ಲ ಸೇರಿ 350 ದಾಟುತ್ತದೆ. ಮಾರುವವರ ಲಾಭ ಇನ್ನೂ ಸೇರಿಲ್ಲ. ಮೂರೂವರೆ ಕಾರಿನ ಹಣ ಕೊಟ್ಟು ಒಂದು ಕಾರು ಮನೆಗೆ ತರುವವರಿಗೆ ನಾವು ಜಾಣ ಉದ್ಯಮಿಗಳೆಂದು ಸನ್ಮಾನ ಮಾಡುತ್ತೇವೆ.

ಈ ನಡುವೆ 2025ರ ಜುಲೈನಲ್ಲಿ ಬ್ರಿಟನ್ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ಅದರ ಪ್ರಕಾರ ಅಲ್ಲಿಂದ ಬರುವ ನಿಗದಿತ ಸಂಖ್ಯೆಯ ಕಾರುಗಳಿಗೆ ಸುಂಕ ಕಡಿತ. ಮೊದಲ ವರ್ಷ 3000 ಸಿಸಿ ಮೀರಿದ ಪೆಟ್ರೋಲ್ ಎಂಜಿನ್‌ಗೆ ಶೇ 30, ಅದಕ್ಕಿಂತ ಚಿಕ್ಕದಕ್ಕೆ ಶೇ 50. ಸ್ವದೇಶಿ ಕಾರಿನಲ್ಲಿ ಚಿಕ್ಕ ಎಂಜಿನ್ ಪುಣ್ಯದ ಕೆಲಸ, ಬ್ರಿಟಿಷ್ ಕಾರಿನಲ್ಲಿ ದೊಡ್ಡದೇ ಪುಣ್ಯ. ಹೊಗೆಗೂ ರಾಷ್ಟ್ರೀಯತೆ ಉಂಟೆಂದು ತೋರಿಸಿಕೊಟ್ಟ ದೇಶ ನಮ್ಮದೇ ಇರಬೇಕು.

ಇಷ್ಟೆಲ್ಲ ಓದಿಕೊಂಡ ಮಗ ತಂದೆಯನ್ನು ಷೋರೂಮಿಗೆ ಕರೆದೊಯ್ಯುತ್ತಾನೆ ಎಂದಿಟ್ಟುಕೊಳ್ಳಿ.

“ನಾಲ್ಕು ಲೀಟರ್, ವಿ8. ಮೂರು ಸೆಕೆಂಡ್ ಚಿಲ್ಲರೆಯಲ್ಲಿ ನೂರು ಕಿಲೋಮೀಟರ್ ವೇಗ ಮುಟ್ಟುತ್ತದೆ ಅಪ್ಪಾ.”

“ಮುಟ್ಟಲಿ. ಎಷ್ಟು ಜನ ಕೂರಬಹುದು?”

“ಇಬ್ಬರು.”

“ನಿನ್ನ ಅಮ್ಮ?”

“ಅಮ್ಮ ಇನ್ನೋವಾದಲ್ಲಿ ಹಿಂದೆ ಬರುತ್ತಾರೆ.”

“ಹಿಂದೆ ಏಕೆ ಬರುತ್ತಾಳೆ? ಆ ಹಂಪ್ ಹತ್ತಿರ ನಿನ್ನನ್ನು ದಾಟಿಕೊಂಡು ಹೋಗುತ್ತಾಳೆ.”

ತಂದೆಗೆ ಸಿಸಿ ಗೊತ್ತಿಲ್ಲ, ರಸ್ತೆ ಗೊತ್ತು. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಆರಾಮವಾಗಿ ದಾಟುವಂತಿರಬೇಕು. ನಮ್ಮ ಬಡಾವಣೆಗಳ ಹಂಪ್‌ಗಳು ಈ ನಿಯಮವನ್ನು ಓದಿಲ್ಲ. ಸ್ಪೋರ್ಟ್ಸ್ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಇರುವುದು ಹನ್ನೆರಡು ಹದಿಮೂರು ಸೆಂಟಿಮೀಟರ್. ಆದ್ದರಿಂದ ಹಂಪ್ ಬಂದಾಗ ಒಂದು ಸಣ್ಣ ಉತ್ಸವ ಜರುಗುತ್ತದೆ. ಕಾರು ನಿಲ್ಲುತ್ತದೆ. ಒಳಗೆ ಗುಂಡಿಯೊಂದನ್ನು ಒತ್ತಿದರೆ ಮೂತಿ ನಿಧಾನಕ್ಕೆ ಎರಡು ಬೆರಳು ಮೇಲೇಳುತ್ತದೆ. ಬಳಿಕ ಕಾರು ಅಡ್ಡಡ್ಡಲಾಗಿ ತಿರುಗಿ, ಮೊದಲು ಬಲಗಡೆಯ ಚಕ್ರ, ಆಮೇಲೆ ಎಡಗಡೆಯದು ಎಂಬಂತೆ ಏರುತ್ತದೆ. ಆಟೊ ಚಾಲಕರೊಬ್ಬರು ಇಳಿದು, ಮಂಡಿಯೂರಿ, ಅಡಿಯಲ್ಲಿ ಇಣುಕಿ ನಿರ್ದೇಶನ ಕೊಡುತ್ತಾರೆ: “ಬನ್ನಿ ಸರ್, ಬನ್ನಿ... ನಿಲ್ಲಿ! ಸ್ವಲ್ಪ ಎಡಕ್ಕೆ.” ಎಂಟು ಸಿಲಿಂಡರ್‌ಗಳು ಗುರುಗುಡುತ್ತಾ ಅವರ ಅಂಗೈ ಸನ್ನೆಗೆ ಕಾಯುತ್ತವೆ. ಹಿಂದೆ ನೀರಿನ ಟ್ಯಾಂಕರ್ ಹಾರ್ನ್ ಬಾರಿಸುತ್ತಿರುತ್ತದೆ.

ಹಂಪ್ ದಾಟಿದ ಮೇಲೆ ಸಂಚಾರ. ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ದಟ್ಟಣೆ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕಿತ್ತು. ಗಂಟೆಗೆ ಹದಿನೇಳೂವರೆ ಕಿಲೋಮೀಟರ್ ಎಂದಾಯಿತು. ಎರಡು ಲೀಟರಿನವರಿಗೂ ಅಷ್ಟೇ, ಆರೂವರೆ ಲೀಟರಿನ ವಿ12 ತಂದವರಿಗೂ ಅಷ್ಟೇ. ಸಮಾನತೆಯ ಬಗ್ಗೆ ಭಾಷಣ ಮಾಡುವವರು ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಒಮ್ಮೆ ಕೈಮುಗಿದು ಬರಬೇಕು.

ಊರಾಚೆ ಹೋಗೋಣವೆಂದರೆ ಮೈಸೂರು ಹೆದ್ದಾರಿಯಲ್ಲಿ ಮಿತಿ 100. ಮೇಲೆ ಕ್ಯಾಮೆರಾಗಳ ಸಾಲು. 2024ರ ಆಗಸ್ಟಿನಿಂದ 130 ದಾಟಿದರೆ ಎಫ್‌ಐಆರ್. ಪೋರ್ಷೆ 911ರಲ್ಲಿ ಎಂಟು ಗೇರ್ ಇವೆ; ಕಾನೂನು ಒಪ್ಪುವ ವೇಗ ಮೂರನೆಯದರಲ್ಲೇ ಮುಗಿದುಹೋಗುತ್ತದೆ. ಉಳಿದ ಐದಕ್ಕೂ ಸುಂಕ ಕಟ್ಟಿಯೇ ತಂದಿರುತ್ತಾರೆ, ಪಾಪ.

ತೆರಿಗೆ ತಪ್ಪಿಸಲು ಪುದುಚೇರಿಯಲ್ಲೋ ಮಹಾರಾಷ್ಟ್ರದಲ್ಲೋ ನೋಂದಣಿ ಮಾಡಿಸಿ ಇಲ್ಲಿ ಮೆರೆಯುವುದು ಹಳೆಯ ವಿದ್ಯೆ. 2025ರ ಜುಲೈನಲ್ಲಿ ಮಹಾರಾಷ್ಟ್ರದ ನೋಂದಣಿಯ ಕೆಂಪು ಫೆರಾರಿ ಎಸ್ಎಫ್90 ಒಂದು ಬೆಂಗಳೂರಿನ ಆರ್‌ಟಿಒ ಕಣ್ಣಿಗೆ ಬಿದ್ದು, ಸುಮಾರು 1.42 ಕೋಟಿ ರೂಪಾಯಿ ತೆರಿಗೆ ಕಟ್ಟಿತು. ಸಾವಿರ ಕುದುರೆ ಶಕ್ತಿಯ ಕಾರು. ಅಷ್ಟು ಕುದುರೆಗಳಿದ್ದೂ ತಪ್ಪಿಸಿಕೊಂಡು ಓಡಲಾಗಲಿಲ್ಲ, ಟ್ರಾಫಿಕ್ ಹಾಗಿತ್ತು. ಆ ಹಣವನ್ನು ರಸ್ತೆ ತೆರಿಗೆ ಎನ್ನುತ್ತಾರೆ. ಯಾವ ರಸ್ತೆಯದ್ದು ಎಂದು ರಸೀದಿಯಲ್ಲಿ ಬರೆದಿರುವುದಿಲ್ಲ. ಈಗಂತೂ ಬೆಂಗಳೂರಿನಲ್ಲಿ ಒಂದಿದ್ದ ಪಾಲಿಕೆ ಐದಾಗಿದೆ, ವಿಚಾರಿಸಲು ಐದು ಕಡೆ ಹೋಗಬೇಕು.

ಇಷ್ಟಾದರೂ ಮಗ ವಿ8 ಅನ್ನೇ ಆರಿಸುತ್ತಾನೆ, ಆರಿಸಲಿ. ಆ ಕಂಪನಿಯ ಸರ್ವೀಸ್ ಕೇಂದ್ರ ಬೆಂಗಳೂರಿನಲ್ಲಿ ಇಲ್ಲದಿದ್ದರೆ ಕಾರನ್ನು ಚೆನ್ನೈಗೋ ಮುಂಬೈಗೋ ಲಾರಿಯ ಮೇಲೆ ಕಳಿಸಬೇಕು. ಹೊದಿಕೆ ಹೊದಿಸಿ, ನಾಲ್ಕು ಚಕ್ರಕ್ಕೂ ಪಟ್ಟಿ ಬಿಗಿದು, ಲಾರಿ ಚಾಲಕನ ಕೈಗೆ ಕಾಫಿ ಖರ್ಚಿನ ನೋಟು ತುರುಕುತ್ತಾ ಮಾಲೀಕರು ಎರಡೆರಡು ಸಲ ಹೇಳುತ್ತಾರೆ: “ನಿಧಾನವಾಗಿ ಹೋಗಪ್ಪ. ನಲವತ್ತು ದಾಟಬೇಡ.”