'ಹೋಗಿ ಬಾ' ಅನ್ನೋಕೆ ನಮಗೇನು ಕಷ್ಟ?

ಕಳೆದ ತಿಂಗಳು ಕಟಿಂಗ್ ಶಾಪಿನಲ್ಲಿ ಒಬ್ಬರು ನನ್ನನ್ನು ಒಂದು ಪ್ರಶ್ನೆ ಕೇಳಿದರು. ಅದು ಮುಳ್ಳಿನ ಹಾಗೆ ಇನ್ನೂ ಒಳಗೇ ಇದೆ.

ನಾನು ದಾವಣಗೆರೆಯವನು. ಫಿಲಡೆಲ್ಫಿಯಾಕ್ಕೆ ಬಂದು ಹದಿಮೂರು ವರ್ಷ ಆಯಿತು. ಊರಿನ ದಕ್ಷಿಣದ ಕಡೆ ಒಂದು ಪುಟ್ಟ ಕಟಿಂಗ್ ಶಾಪ್ ಇದೆ. ಮೂರು ಕುರ್ಚಿ, ಒಂದು ಹಳೇ ಟಿವಿ, ಎಪ್ಪತ್ತು ದಾಟಿದ ಯಜಮಾನರು. ಬಂದಾಗಿನಿಂದ ಅಲ್ಲಿಗೇ ಹೋಗುತ್ತೇನೆ. ಗೋಡೆ ತುಂಬ ಈ ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಈಗಲ್ಸ್‌ನ ಫೋಟೋಗಳು. ಕನ್ನಡಿಯ ಪಕ್ಕದಲ್ಲಿ ಆ ತಂಡದ ಹಳೇ ಆಟಗಾರ ನಿಕ್ ಫೋಲ್ಸ್‌ನ ಫೋಟೋ. ಬಿಸಿಲಿಗೆ ಅಂಚು ಹಳದಿಯಾಗಿದೆ, ಆದರೆ ಒಂದು ಚೂರೂ ಧೂಳಿಲ್ಲ. ದಿನಾ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಕನ್ನಡಿ ಒರೆಸುವ ಬಟ್ಟೆಯಲ್ಲೇ ಅದನ್ನೂ ಒರೆಸುತ್ತಾರೆ.

"ಅವನು ತಂಡ ಬಿಟ್ಟು ಆರು ವರ್ಷ ಆಯ್ತಲ್ಲ, ಇನ್ನೂ ಇಟ್ಟಿದ್ದೀರಾ?" ಅಂದೆ. ಅವರು ಕತ್ತರಿ ನಿಲ್ಲಿಸಿದರು. ಕನ್ನಡಿಯಲ್ಲೇ ನನ್ನ ಮುಖ ನೋಡಿದರು. "ನಿಮ್ಮ ಊರಲ್ಲಿ ಇಂಥವನು ಯಾರೂ ಇರಲಿಲ್ವಾ? ಅವನು ಹೋದಾಗ ನೀವೆಲ್ಲ ಏನು ಮಾಡಿದಿರಿ?"

ಇದ್ದ. ನಮ್ಮೂರಿನವನೇ ಇದ್ದ, ಕ್ರಿಕೆಟ್ ಆಟಗಾರ ವಿನಯ್ ಕುಮಾರ್. ಅವನು ಹೋದಾಗ ನಾವು ಏನೂ ಮಾಡಲಿಲ್ಲ. ಅದನ್ನು ಹೇಳೋಕೆ ಬಾಯಿ ಬರಲಿಲ್ಲ.

ಮೊದಲು ಫೋಲ್ಸ್‌ನ ಕಥೆ ಹೇಳುತ್ತೇನೆ. ಅಮೆರಿಕದ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಅಂದರೆ ಇಡೀ ಆಟ ನಡೆಸುವವನು. ಚೆಂಡು ಮೊದಲು ಅವನ ಕೈಗೆ ಬರಬೇಕು, ಯಾರಿಗೆ ಎಸೆಯಬೇಕು ಅಂತ ಎರಡು ಮೂರು ಸೆಕೆಂಡಿನಲ್ಲಿ ಅವನೇ ತೀರ್ಮಾನ ಮಾಡಬೇಕು. ಅವನ ಹಿಂದೆ ಇನ್ನೊಬ್ಬ ಇರುತ್ತಾನೆ, ಬ್ಯಾಕಪ್. ವಾರಪೂರ್ತಿ ಪಾಠ ಓದುತ್ತಾನೆ, ಭಾನುವಾರ ಅಂಚಿನಲ್ಲಿ ನಿಂತು ನೋಡುತ್ತಾನೆ. ನಮ್ಮ ವಿಕೆಟ್ ಕೀಪರ್ ಕಿರ್ಮಾನಿಯವರು 1971ರಲ್ಲೇ ಇಂಗ್ಲೆಂಡಿಗೆ ಹೋಗಿದ್ದರೂ ಫಾರೂಕ್ ಎಂಜಿನಿಯರ್ ಇದ್ದಷ್ಟು ದಿನ ಹೊರಗೇ ಕೂತರಲ್ಲ, 1976ರವರೆಗೂ ಟೆಸ್ಟ್ ಆಡಲು ಸಿಗಲಿಲ್ಲವಲ್ಲ, ಹಾಗೆ.

2017ರ ಡಿಸೆಂಬರ್ 10ರಂದು ಲಾಸ್ ಏಂಜಲೀಸ್‌ನಲ್ಲಿ ಈಗಲ್ಸ್‌ನ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ವೆಂಟ್ಜ್ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಹೊರಗೆ ಕೂತ. ಆ ವರ್ಷ ಅವನ ಆಟ ನೋಡಿದವರು ಕಪ್ ನಮ್ಮದೇ ಅಂದುಕೊಂಡಿದ್ದರು. ಊರಿಗೆ ಊರೇ ಮಂಕಾಯಿತು. ಫೋಲ್ಸ್ ಒಳಗೆ ಬಂದ. ಹಿಂದೊಮ್ಮೆ ಇದೇ ತಂಡದಲ್ಲಿ ಮಿಂಚಿ, ಬೇರೆ ತಂಡಕ್ಕೆ ಮಾರಾಟವಾಗಿ, 2016ರಲ್ಲಿ ಆಟವನ್ನೇ ಬಿಟ್ಟುಬಿಡೋಣ ಅಂತ ಯೋಚಿಸಿ, ಕೊನೆಗೆ ಮತ್ತೆ ಇಲ್ಲಿಗೇ ಬ್ಯಾಕಪ್ ಆಗಿ ಬಂದಿದ್ದವನು. 2018ರ ಫೆಬ್ರವರಿ 4ರಂದು ಮಿನ್ನಿಯಾಪೊಲಿಸ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ವಿರುದ್ಧ 41-33ರಲ್ಲಿ ಗೆಲ್ಲಿಸಿದ. ಈಗಲ್ಸ್ ಸೂಪರ್ ಬೌಲ್, ಅಂದರೆ ವರ್ಷದ ಫೈನಲ್, ಗೆದ್ದಿದ್ದು ಅದೇ ಮೊದಲು. 1960ರ ನಂತರ ಮೊದಲ ಚಾಂಪಿಯನ್ ಪಟ್ಟ. 373 ಗಜ ಎಸೆದ, ಮೂರು ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆ ದಾಟಿ ಚೆಂಡು ಒಯ್ಯುವುದು) ಮಾಡಿಸಿದ, ಮಧ್ಯಂತರಕ್ಕೆ ಮುಂಚೆ ಎಸೆಯುವವನೇ ಓಡಿಹೋಗಿ ಚೆಂಡು ಹಿಡಿದು ಇನ್ನೊಂದು ಹೊಡೆದ. ಆ ಆಟ ಆಡೋಣ ಅಂತ ಕೋಚ್ ಡಗ್ ಪೀಡರ್ಸನ್ ಹತ್ತಿರ ಹೋಗಿ ಕೇಳಿದ್ದೂ ಅವನೇ. ಇಬ್ಬರೂ ನಿಂತು ಮಾತಾಡಿದ ಆ ಗಳಿಗೆಯನ್ನೇ ಮೂರ್ತಿ ಮಾಡಿ ಸ್ಟೇಡಿಯಂ ಮುಂದೆ ನಿಲ್ಲಿಸಿದ್ದಾರೆ. ಬ್ಯಾಕಪ್ ಆಟಗಾರನಿಗೆ ಮೂರ್ತಿ! ಮೆರವಣಿಗೆಯ ದಿನ ತೀರಿಹೋದ ಅಪ್ಪನ ಅಸ್ಥಿ ಹಿಡಿದುಕೊಂಡು ಬಂದವರಿದ್ದರು. ಅಪ್ಪ ನೋಡಲಿ ಅಂತ.

ಮರುವರ್ಷ ವೆಂಟ್ಜ್ ವಾಪಸ್ ಬಂದ. ಡಿಸೆಂಬರಿನಲ್ಲಿ ಬೆನ್ನು ಕೈಕೊಟ್ಟಿತು. ಮತ್ತೆ ಫೋಲ್ಸ್ ಬಂದ, ಮತ್ತೆ ಗೆಲ್ಲಿಸಿದ. 2019ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ 20-14ಕ್ಕೆ ಸೋತಾಗಲೂ ಅವನು ಎಸೆದ ಚೆಂಡು ಜೊತೆಗಾರನ ಕೈಯಿಂದ ಜಾರಿ ಎದುರಾಳಿಗೆ ಸಿಕ್ಕಿತು.

ಆಮೇಲೆ ಶುರುವಾಯಿತು ಚರ್ಚೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಕಿವಿಯಾರೆ ಕೇಳಿದ್ದೇನೆ. ಫೆಬ್ರವರಿ ಪೂರ್ತಿ ಆ ಕಟಿಂಗ್ ಶಾಪಿನಲ್ಲಿ ಬೇರೆ ಮಾತೇ ಇಲ್ಲ. ಒಬ್ಬ ಫೋಲ್ಸ್‌ನ 9ನೇ ನಂಬರ್ ಅಂಗಿ ಹಾಕಿಕೊಂಡೇ ಬರುತ್ತಿದ್ದ. "ಕಪ್ ತಂದವನನ್ನು ಕಳಿಸಿ, ಕಾಲು ಮುರಿದವನನ್ನು ಇಟ್ಕೊಳ್ತಾರಾ?" ಅಂತ ಅವನು. "ಆ ಹುಡುಗನಿಗೆ ಇನ್ನೂ ಇಪ್ಪತ್ತಾರು. ಫೋಲ್ಸ್‌ಗೆ ಮೂವತ್ತು. ಒಂದು ಮನೆಗೆ ಇಬ್ಬರು ಯಜಮಾನರು ಆಗಲ್ಲ" ಅಂತ ಯಜಮಾನರು. ಒಂದು ಒರೆಯಲ್ಲಿ ಎರಡು ಕತ್ತಿ ಇರಲ್ಲ ಅಂತ ನಮ್ಮ ಕಡೆ ಹೇಳೋದನ್ನ ನಾನೂ ಹೇಳಿದೆ. ತಕ್ಷಣ ಎಲ್ಲರೂ ನನ್ನ ಕಡೆ ತಿರುಗಿದರು, ಹಾಗಾದರೆ ಯಾವ ಕತ್ತಿ ಇಟ್ಕೊಬೇಕು ಹೇಳು ಅಂತ. ಮುಂದೆ ಕೂತಿದ್ದವರ ತಲೆಗೂದಲು ಅರ್ಧಕ್ಕೇ ನಿಂತಿತ್ತು.

ಅವರ ವಾದದಲ್ಲಿ ದುಡ್ಡಿನ ಲೆಕ್ಕವೂ ಇತ್ತು. ಇಲ್ಲಿ ಪ್ರತಿ ತಂಡಕ್ಕೂ ಸಂಬಳದ ಮಿತಿ ಇದೆ, ಆ ವರ್ಷ 18.82 ಕೋಟಿ ಡಾಲರ್. ಅದರಲ್ಲಿ ಐವತ್ತಕ್ಕೂ ಜಾಸ್ತಿ ಆಟಗಾರರನ್ನು ಸಾಕಬೇಕು. ತಂಡ 2 ಕೋಟಿ ಡಾಲರಿಗೆ ಫೋಲ್ಸ್‌ನನ್ನು ಇನ್ನೊಂದು ವರ್ಷ ಇಟ್ಟುಕೊಳ್ಳಲು ಮುಂದಾಯಿತು. ಅವನು ಕೈಯಿಂದ 20 ಲಕ್ಷ ಡಾಲರ್ ವಾಪಸ್ ಕೊಟ್ಟು ಬಿಡಿಸಿಕೊಂಡ. ಬೆಂಚಿನ ಮೇಲೆ ಕೂರಲ್ಲ, ಆಡಬೇಕು ಅಂತ. ತಂಡ ಬೇಕಿದ್ದರೆ ಟ್ಯಾಗ್ ಹಾಕಿ, ಅಂದರೆ ಒಂದು ವರ್ಷ ಬೇರೆ ಕಡೆ ಹೋಗದ ಹಾಗೆ, ಕಟ್ಟಿಹಾಕಬಹುದಿತ್ತು, ಬೇರೆ ತಂಡಕ್ಕೆ ಮಾರಿ ಲಾಭ ಮಾಡಿಕೊಳ್ಳಬಹುದಿತ್ತು. ಮಾಡಲಿಲ್ಲ. ಇವನಿಗೂ ಒಂದು ತಂಡ ನಡೆಸುವ ಅವಕಾಶ ಸಿಗಲಿ ಅಂತ ಬಿಟ್ಟುಕೊಟ್ಟರು. ಮಾರ್ಚಿನಲ್ಲಿ ಅವನು ಜ್ಯಾಕ್ಸನ್‌ವಿಲ್‌ಗೆ ಹೋದ, ನಾಲ್ಕು ವರ್ಷಕ್ಕೆ 8.8 ಕೋಟಿ ಡಾಲರ್ ಒಪ್ಪಂದ.

ಆ ವಾರ ನಾನು ಶಾಪಿಗೆ ಹೋದಾಗ 9ನೇ ನಂಬರಿನವನು ಮೂಲೆಯಲ್ಲಿ ಸುಮ್ನೆ ಕೂತಿದ್ದ. ಯಜಮಾನರು ಅವನಿಗೆ ಕಾಫಿ ತಂದುಕೊಟ್ಟರು. ಅವನ ಎದುರು ಒಂದು ತಿಂಗಳು ಜಗಳ ಆಡಿದ್ದವರು. ಇಬ್ಬರೂ ಸೇರಿ ಆ ಫೋಟೋವನ್ನು ಕನ್ನಡಿಯ ಪಕ್ಕಕ್ಕೆ ತಂದು ಮೊಳೆ ಹೊಡೆದರು.

ಈಗ ನಮ್ಮ ಮನೆಯ ವಿಷಯ. ಅದೇ 2019, ಆಗಸ್ಟ್. ದಾವಣಗೆರೆಯ ವಿನಯ್ ಕುಮಾರ್ ಕರ್ನಾಟಕ ಬಿಟ್ಟು ಪುದುಚೇರಿಗೆ ಹೋದ. ಅವನು ಬ್ಯಾಕಪ್ ಅಲ್ಲ, ಕ್ಯಾಪ್ಟನ್ ಆಗಿದ್ದವನು. ಹಾಗಾಗಿ ಇನ್ನೂ ಜಾಸ್ತಿ ನೋವು. ಹದಿನೈದು ವರ್ಷ ರಣಜಿ ಕಪ್ ಇಲ್ಲದೆ ಒಣಗಿದ್ದ ನಮಗೆ 2013-14ರಲ್ಲಿ ಕಪ್ ತಂದುಕೊಟ್ಟ. ಮರುವರ್ಷ ಮತ್ತೆ ತಂದ. ಎರಡೂ ವರ್ಷ ಇರಾನಿ, ವಿಜಯ್ ಹಜಾರೆ ಕಪ್‌ಗಳೂ ನಮ್ಮವೇ. 2015ರ ಮಾರ್ಚಿನಲ್ಲಿ ವಾಂಖೆಡೆಯಲ್ಲಿ ತಮಿಳುನಾಡಿನ ವಿರುದ್ಧ ಫೈನಲ್. ಮೊದಲ ದಿನವೇ 34 ರನ್ ಕೊಟ್ಟು 5 ವಿಕೆಟ್ ತೆಗೆದ, ಆಮೇಲೆ ಬ್ಯಾಟ್ ಹಿಡಿದು ಸೆಂಚುರಿ ಹೊಡೆದ. ಕರುಣ್ ನಾಯರ್ 328 ಹೊಡೆದಿದ್ದರಿಂದ ಆ ಸೆಂಚುರಿ ಮರೆತೇಹೋಯಿತು. 2017ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಮುಂಬೈ ವಿರುದ್ಧ ಹ್ಯಾಟ್ರಿಕ್ ತೆಗೆದ. ಇಲ್ಲಿ ಫೋಲ್ಸ್ ಒಳಗೆ ಬಂದ ಅದೇ ವಾರ.

ಅಂಥವನು ರಾಜ್ಯ ಬಿಟ್ಟು ಹೋದ ಸುದ್ದಿ ನನಗೆ ಸಿಕ್ಕಿದ್ದು ಅಕ್ಕನ ಮಗನಿಂದ. ಫೋನಿನಲ್ಲಿ ಅಮೆಜಾನಿನಿಂದ ತರಿಸಿದ ಶೂ ಸೈಜ್ ಸರಿಹೋಗಲಿಲ್ಲ ಅಂತ ಹೇಳ್ತಾ ಹೇಳ್ತಾ, "ಮಾಮ, ವಿನಯ್ ಪುದುಚೇರಿಗೆ ಹೋದ್ನಂತೆ" ಅಂದ. ಮತ್ತೆ ಶೂ ವಿಷಯಕ್ಕೆ ಹೋದ. ನಾನು ಗೆಳೆಯರ ಗುಂಪಿನಲ್ಲಿ ಹಾಕಿದೆ. ಇಬ್ಬರು ಕೈಮುಗಿದ ಚಿತ್ರ ಹಾಕಿದರು. ಆಮೇಲೆ ಯಾರೋ ಗಣೇಶನ ಹಬ್ಬಕ್ಕೆ ಬಸ್ ಟಿಕೆಟ್ ಸಿಗ್ತಿಲ್ಲ ಅಂದರು. ಮುಗಿಯಿತು.

ನನಗೆ ಬೇಜಾರಾಗೋದು ಇಲ್ಲಿಯೇ. ಇಟ್ಟುಕೊಳ್ಳಬೇಕಿತ್ತಾ, ಬಿಡಬೇಕಿತ್ತಾ ಅನ್ನುವುದು ಬೇರೆ ಮಾತು. ಅವನಿಗೂ ವಯಸ್ಸಾಗಿತ್ತು, ಹೊಸ ಹುಡುಗರು ಬರಬೇಕಿತ್ತು. ಆದರೆ ಒಂದು ಜಗಳವಾದರೂ ಬೇಡವಾ? ಕಾಫಿ ಆರಿಹೋಗುವಷ್ಟು ಹೊತ್ತಾದರೂ ಅವನ ಬಗ್ಗೆ ಮಾತಾಡಬೇಡವಾ? ಜಗಳ ಆಡಿದರೆ ತಾನೇ ಅವನು ನಮಗೆ ಎಷ್ಟು ಬೇಕಾಗಿದ್ದ ಅಂತ ಗೊತ್ತಾಗೋದು. ಬ್ಯಾಂಕಿನಿಂದ ನಿವೃತ್ತಿ ಆದವರಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಅರ್ಧ ದಿನ ಭಾಷಣ ಮಾಡುವ ಜನ ನಾವು. ಮನೆಗೆ ಬಂದ ಹೆಣ್ಣುಮಗಳು ಕುಂಕುಮ ತಗೊಳ್ಳದೆ ಹೊಸ್ತಿಲು ದಾಟಿದರೆ ಅಮ್ಮ ರಸ್ತೆವರೆಗೂ ಓಡುತ್ತಾಳೆ. 'ಹೋಗ್ತೀನಿ' ಅಂದರೆ ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು, 'ಹೋಗ್ಬರ್ತೀನಿ ಅನ್ನು' ಅಂತ. ಅದೇ ನಾವು, ಹತ್ತು ಹದಿನೈದು ವರ್ಷ ಬೆವರು ಸುರಿಸಿದ ಆಟಗಾರನಿಗೆ ಒಂದು 'ಹೋಗಿ ಬಾ' ಅನ್ನಲಿಲ್ಲ.

ಫಿಲಡೆಲ್ಫಿಯಾದವರಿಗೆ ಈ ಮಾತು ಗೊತ್ತಿಲ್ಲ. ಆದರೆ ಅವರು ಮಾಡಿದ್ದು ಅದನ್ನೇ. 2024ರಲ್ಲಿ ಫೋಲ್ಸ್ ಆಟ ನಿಲ್ಲಿಸುವಾಗ, ನಡುವೆ ಮೂರು ತಂಡ ಸುತ್ತಿ ಬಂದಿದ್ದರೂ, ಈಗಲ್ಸ್ ಆಟಗಾರನಾಗಿಯೇ ನಿಲ್ಲಿಸುತ್ತೇನೆ ಅಂದ. ಸೆಪ್ಟೆಂಬರಿನಲ್ಲಿ ಅಟ್ಲಾಂಟಾ ವಿರುದ್ಧದ ಪಂದ್ಯಕ್ಕೆ ಕರೆಸಿ ಗೌರವಿಸಿದರು. ಆ ಪಂದ್ಯ ಒಂದೇ ಪಾಯಿಂಟಿನಿಂದ ಸೋತರು. ಆದರೂ ಮರುದಿನ ಶಾಪಿನಲ್ಲಿ ಮೊದಲು ಬಂದ ಮಾತು ಫೋಲ್ಸ್‌ನದೇ.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು, ಮನಸ್ಸಿಲ್ಲದಿದ್ದರೂ. ಈ ಊರಿನ ಗಲಾಟೆಯ ಬೆಲೆಯನ್ನು ವೆಂಟ್ಜ್ ತೆತ್ತ. ತನ್ನದೇ ಸ್ಟೇಡಿಯಮ್ಮಿಗೆ ಬರುವಾಗ ಬಾಗಿಲಲ್ಲಿ ತನ್ನ ಬ್ಯಾಕಪ್‌ನ ಮೂರ್ತಿ. ಒಂದು ಎಸೆತ ತಪ್ಪಿದರೆ 'ಫೋಲ್ಸ್ ಆಗಿದ್ದರೆ' ಅನ್ನುವ ಮಾತು. 2021ರಲ್ಲಿ ಅವನೂ ಊರು ಬಿಟ್ಟ. ಅವನ ಫೋಟೋ ಆ ಶಾಪಿನಲ್ಲಿ ಎಲ್ಲೂ ಇಲ್ಲ. 1968ರಲ್ಲಿ ಸಾಂಟಾ ಕ್ಲಾಸ್ ವೇಷದವನಿಗೂ ಹಿಮದ ಉಂಡೆ ಎಸೆದ ಊರು ಇದು. ನಮ್ಮಲ್ಲಿ ವಿನಯ್ ಹೋದ ಎರಡೇ ತಿಂಗಳಿಗೆ ವಿಜಯ್ ಹಜಾರೆ ಫೈನಲ್‌ನಲ್ಲಿ ಅಭಿಮನ್ಯು ಮಿಥುನ್ ಹ್ಯಾಟ್ರಿಕ್ ತೆಗೆದ, ಕಪ್ ಗೆದ್ದೆವು. 'ನೀನು ವಿನಯ್ ಅಲ್ಲ' ಅಂತ ಅವನಿಗೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ವಿದರ್ಭಕ್ಕೆ ಹೋಗಿ ರಣಜಿ ಗೆದ್ದು ಬಂದ ಕರುಣ್‌ನನ್ನು ನಮ್ಮವರು ಮತ್ತೆ ಒಳಗೆ ಕರೆದುಕೊಂಡರು, ಅದೂ ಸಣ್ಣ ಮಾತಲ್ಲ.

ಕಟಿಂಗ್ ಶಾಪಿನಿಂದ ಬಂದ ರಾತ್ರಿ ದಾವಣಗೆರೆಗೆ, ನನ್ನ ಸೋದರಮಾವನಿಗೆ ಫೋನ್ ಮಾಡಿದೆ. ಹೈಸ್ಕೂಲ್ ಮೈದಾನದಲ್ಲಿ ಕ್ರಿಕೆಟ್ ನೋಡಿಕೊಂಡೇ ಬೆಳೆದವರು. "ಮಾವ, ವಿನಯ್ ಹೋದಾಗ ನೀವ್ಯಾರೂ ಏನೂ ಅನ್ನಲಿಲ್ವಾ?" ಅಂತ ಕೇಳಿದೆ, ಸ್ವಲ್ಪ ಜೋರಾಗಿಯೇ.

"ತಡಿಯಪ್ಪಾ" ಅಂದರು. ಬೀರು ಬಾಗಿಲು ಕಿರ್ ಅಂದಿದ್ದು ಕೇಳಿಸಿತು. ಐದು ನಿಮಿಷದ ಮೇಲೆ ವಾಟ್ಸಾಪಿಗೆ ಒಂದು ಫೋಟೋ ಬಂತು. 2015ರ ಮಾರ್ಚಿನ ಪೇಪರ್, ಕಪ್ ಎತ್ತಿ ಹಿಡಿದ ವಿನಯ್. ನಾಲ್ಕು ಮಡಿಕೆ ಬಿದ್ದಿದೆ, ಮಡಿಕೆಯ ಜಾಗದಲ್ಲಿ ಅಕ್ಷರ ಅಳಿಸಿದೆ. ಎಲ್‌ಐಸಿ ಪಾಲಿಸಿಗಳ ಜೊತೆ ಇಟ್ಟಿದ್ದರಂತೆ.

"ಇಷ್ಟು ವರ್ಷ ಯಾರಿಗೂ ಯಾಕೆ ತೋರಿಸಲಿಲ್ಲ ಮಾವ?"

"ಯಾರು ಕೇಳಿದ್ರಪ್ಪಾ? ನೀನೇ ಈಗ ಕೇಳಿದ್ದು."

ಆ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಇಟ್ಟಿದ್ದೇನೆ. ಶನಿವಾರ ಕಟಿಂಗ್ ಶಾಪಿಗೆ ಹೋಗಬೇಕು. ಕನ್ನಡಿಯ ಇನ್ನೊಂದು ಪಕ್ಕ ಖಾಲಿ ಇದೆ.