ಅಂಗಳದ ಮಣ್ಣು ಸ್ವಲ್ಪ ಬಿಡಿ, ಬಾಲ ನಡುಗಿಸುವ ಹಕ್ಕಿ ಬರಲಿ

ನಮ್ಮ ಬೀದರಿನಲ್ಲಿ ಈಗ ಮನೆ ಕಟ್ಟಿಸಿದವರೆಲ್ಲ ಕೊನೆಗೆ ಮಾಡುವ ಕೆಲಸ ಒಂದೇ. ಸುತ್ತ ಉಳಿದ ಮೂರಡಿ ಮಣ್ಣಿಗೂ ಸಿಮೆಂಟ್ ಹಾಕಿಸುವುದು, ಇಲ್ಲಾಂದ್ರೆ ಟೈಲ್ಸ್ ಹಾಸುವುದು. ಧೂಳಿಲ್ಲ, ಕೆಸರಿಲ್ಲ, ಹುಳಹುಪ್ಪಟೆ ಕಾಟ ಇಲ್ಲ ಅಂತಾರೆ. ನಿಜ. ಆದರೆ ಹುಳಹುಪ್ಪಟೆ ಇಲ್ಲದ ಅಂಗಳಕ್ಕೆ ಬ್ಲ್ಯಾಕ್ ರೆಡ್‌ಸ್ಟಾರ್ಟ್ ಅನ್ನುವ ಹಕ್ಕಿ ಕೂಡ ಬರಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಹೆಚ್ಚುಕಮ್ಮಿ ಗುಬ್ಬಿ ಗಾತ್ರದ ಹಕ್ಕಿ ಇದು. ತೂಕ 15 ಗ್ರಾಂ ಆಸುಪಾಸು, ಗುಬ್ಬಿಗಿಂತಲೂ ಹಗುರ. ಗಂಡಿನ ತಲೆ, ಬೆನ್ನು, ಎದೆ ಕಪ್ಪು, ಹೊಟ್ಟೆ ಇಟ್ಟಿಗೆ ಬಣ್ಣ. ಹೆಣ್ಣು ಮಂಕು ಕಂದು. ಬಾಲ ಮಾತ್ರ ಎರಡಕ್ಕೂ ಕೆಂಪು. ಗುರುತು ಹಿಡಿಯಲು ಬಣ್ಣವೂ ಬೇಕಿಲ್ಲ. ಕಲ್ಲಿನ ಮೇಲೆ ಕೂತ ಕೂಡಲೇ ಮೈ ಒಮ್ಮೆ ತಗ್ಗಿಸಿ ಏಳುತ್ತದೆ, ಆಮೇಲೆ ಬಾಲವನ್ನು ಗಡಗಡ ನಡುಗಿಸುತ್ತದೆ. ಪಕ್ಕದ ಮನೆಯ ಕಾಕಾಗೆ ತೋರಿಸಿದರೆ, "ಅದಕ್ಕೇನು ಥಂಡಿ ಹತ್ತೇದೇನೋ ತಮ್ಮಾ?" ಅಂತ ಕೇಳಿದರು.

ಥಂಡಿ ಅದಕ್ಕೆ ಹೊಸದಲ್ಲ ಕಾಕಾ. ನಮ್ಮ ಕಡೆ ಬರುವ ಬಳಗ ಮರಿ ಮಾಡುವುದು ಹಿಮಾಲಯ, ಟಿಬೆಟ್, ಮಧ್ಯ ಏಷ್ಯಾದ ಎತ್ತರದ ಬೆಟ್ಟಗಳಲ್ಲಿ. ಲಡಾಖಿನ ಕಲ್ಲುಸಂದಿಗಳಲ್ಲೂ ಗೂಡು ಕಟ್ಟುತ್ತದೆ. ಚಳಿಗಾಲದಲ್ಲಿ ಅಲ್ಲಿ ಹುಳು ಸಿಗಲ್ಲ, ಅದಕ್ಕೇ ಇಳಿದು ಬರುತ್ತದೆ. ಪ್ರಯಾಣ ಜಾಸ್ತಿ ರಾತ್ರಿ ಹೊತ್ತೇ. ದಸರಾ, ದೀಪಾವಳಿ ಸುಮಾರಿಗೆ ಇಲ್ಲಿರುತ್ತದೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಬದುವಿನ ಕಲ್ಲುಗಳ ಕಡೆ ಕಣ್ಣಾಡಿಸಿ, ಕಂಡರೂ ಕಾಣಬಹುದು. ಭಜ್ಜಿ ಪಾತ್ರೆಯಿಂದ ಕಣ್ಣು ತೆಗೆಯುವುದು ಕಷ್ಟ, ಒಪ್ಪುತ್ತೇನೆ.

ಇದರ ಬೇಟೆ ನೋಡಬೇಕು. ತಗ್ಗಿನ ಕಲ್ಲೋ, ಮೋಟುಗೋಡೆಯೋ ಹಿಡಿದು ಕೂರುತ್ತದೆ. ತಲೆ ಓರೆ ಮಾಡಿ ನೆಲ ನೋಡುತ್ತದೆ. ಇರುವೆ, ಜೇಡ, ಸಣ್ಣ ಜೀರುಂಡೆ, ಏನೋ ಒಂದು ಅಲುಗಾಡಿತು ಅಂದರೆ ಪಟ್ಟನೆ ಇಳಿದು ಕೊಕ್ಕಿನಲ್ಲಿ ಹಿಡಿದು ಮತ್ತೆ ಮೇಲೆ. ಬಾಲ ಇನ್ನೊಂದು ಸಲ ನಡುಗುತ್ತದೆ. ಚಳಿಗಾಲದಲ್ಲಿ ತನ್ನದೊಂದು ಜಾಗ ಹಿಡಿದುಕೊಂಡಿರುತ್ತದೆ. ತನ್ನ ಜಾತಿಯದೇ ಇನ್ನೊಂದು ಬಂದರೆ ಅಟ್ಟಿಸಿಕೊಂಡು ಹೋಗುತ್ತದೆ. ಸೈಟಿನ ಜಗಳ ನಮಗೊಬ್ಬರಿಗೇ ಅಲ್ಲ.

ಹೀಗೆ ಬದುಕಲು ಬೋಳು ಮಣ್ಣು ಬೇಕು, ಅಲ್ಲಲ್ಲಿ ಕಲ್ಲು ಬೇಕು. ಬೀದರ್ ಕೋಟೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಬಹಮನಿ ಅಹ್ಮದ್ ಶಾ 15ನೇ ಶತಮಾನದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನೇ ಇಲ್ಲಿಗೆ ತಂದ. ಈಗ ಆ ಕೋಟೆಯಲ್ಲಿ ಎಷ್ಟೋ ಗೋಡೆ ಪಾಳು. ಪಾಳು ಬಿದ್ದಷ್ಟೂ ಈ ಹಕ್ಕಿಗೆ ಅನುಕೂಲ.

ಲಂಡನ್ನಿನಲ್ಲೂ ಹೀಗೇ ಆಯಿತು. ಇದೇ ಜಾತಿಯ ಯುರೋಪಿನ ಬಳಗಕ್ಕೆ 1940ರ ನಂತರ ಬಾಂಬು ಬಿದ್ದು ಕುಸಿದ ಕಟ್ಟಡಗಳೇ ಮನೆಯಾದವು. ಅವಶೇಷದ ನಡುವೆ ಕಳೆ ಬೆಳೆಯಿತು, ಹುಳು ಬಂದವು, ಹಿಂದೆಯೇ ಹಕ್ಕಿ ಬಂದು ಗೂಡು ಕಟ್ಟಿತು. ಯುದ್ಧ ಮುಗಿದು ಊರು ಮತ್ತೆ ಎದ್ದಾಗ ಆ ಜಾಗಗಳು ಹೋದವು. ಬ್ರಿಟನ್ನಿನಲ್ಲಿ ಗೂಡು ಕಟ್ಟುವ ಜೋಡಿಗಳು ಬಹಳ ಕಡಿಮೆ, ಹಾಗಾಗಿ ಅಲ್ಲಿನ 1981ರ ವನ್ಯಜೀವಿ ಕಾನೂನು ಇದಕ್ಕೆ ವಿಶೇಷ ರಕ್ಷಣೆ ಕೊಟ್ಟಿದೆ. ಲಂಡನ್ನಿನ ಡೆಪ್ಟ್‌ಫರ್ಡ್‌ನಲ್ಲಿರುವ ಲಬಾನ್ ನೃತ್ಯ ಕೇಂದ್ರದ ಛಾವಣಿ ಮೇಲೆ ಈ ಹಕ್ಕಿಗೋಸ್ಕರವೇ ಕಲ್ಲುಮಣ್ಣು, ಇಟ್ಟಿಗೆ ಚೂರು ಹರಡಿದ್ದಾರೆ. ದುಡ್ಡು ಕೊಟ್ಟು ಹೊಸ ಕಟ್ಟಡದ ಮೇಲೆ ಪಾಳು ಜಾಗ ಮಾಡಿಸಿಕೊಂಡರು! ನಮ್ಮಲ್ಲಿ ಅದು ಪುಕ್ಕಟೆ ಇದೆ, ನಾವು ದುಡ್ಡು ಕೊಟ್ಟು ಮುಚ್ಚಿಸುತ್ತಿದ್ದೇವೆ.

ಮನೆ ಪಾಳು ಬೀಳಿಸಿಕೊಳ್ಳಿ ಅಂತ ಯಾರೂ ಹೇಳಲ್ಲ. ಓಡಾಡುವ ಕಡೆ ಟೈಲ್ಸ್ ಇರಲಿ. ಹಿತ್ತಲಲ್ಲಿ ಒಂದು ಪಟ್ಟಿ ಮಣ್ಣು ಹಾಗೇ ಬಿಡಿ, ಮನೆ ಕಟ್ಟುವಾಗ ಉಳಿದ ನಾಲ್ಕು ಕಲ್ಲು ಅಲ್ಲೇ ಬಿದ್ದಿರಲಿ. ಇರುವೆ ಪುಡಿ ಅಡುಗೆಮನೆ ಹೊಸ್ತಿಲಿಗೆ ಸಾಕು, ಹಿತ್ತಲಿಗೆಲ್ಲ ಎರಚಬೇಡಿ. ಬಡಾವಣೆಯ ಖಾಲಿ ಸೈಟುಗಳನ್ನು ಕ್ಲೀನ್ ಮಾಡ್ತೀವಿ ಅಂತ ಚಳಿಗಾಲದಲ್ಲೇ ಜೆಸಿಬಿ ತರುವವರಿಗೂ ಇದನ್ನೇ ಹೇಳಬೇಕು. ಪ್ಲಾಸ್ಟಿಕ್ ಎತ್ತಿ, ನೆಲ ಕೆರೆಯಬೇಡಿ.

ಹಕ್ಕಿಯನ್ನೇ ನೋಡಬೇಕು ಅನ್ನುವವರು ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಕೋಟೆಯ ಕಂದಕದ ಕಡೆ ಹೋಗಿ. ದೊಡ್ಡ ಕ್ಯಾಮೆರಾ ಏನೂ ಬೇಡ. ಗೋಡೆಯ ಮೇಲಲ್ಲ, ಬುಡದಲ್ಲಿ ನೋಡಿ. ಏಪ್ರಿಲ್ ತನಕ ಕಾಯಬೇಡಿ, ಅಷ್ಟರಲ್ಲಿ ಹೊರಟುಬಿಟ್ಟಿರುತ್ತದೆ.